ಕೆನ್ನೆಗೆ ಆರು ಬಣ್ಣ ಬೇಕೆ?

ಬ್ಲಶ್ ಕೊಳ್ಳಲು ಹೊರಟವರಿಗೆಲ್ಲ ಸಿಗುವ ಸಲಹೆ ಒಂದೇ: ಬಿಡಿ ಶೇಡ್ ಯಾಕೆ ತಗೊಳ್ತೀರಿ, ಇನ್ನು ಸ್ವಲ್ಪ ದುಡ್ಡು ಹಾಕಿದರೆ ಆರು ಶೇಡಿನ ಪ್ಯಾಲೆಟ್ಟೇ ಬರುತ್ತದಲ್ಲ! ಅಂಗಡಿಯವರು, ಮೇಕಪ್ ವಿಡಿಯೊ ಮಾಡುವವರು, ಮನೆಯ ಅಕ್ಕತಂಗಿಯರು ಎಲ್ಲರದೂ ಇದೇ ಮಾತು. ಆರರಲ್ಲಿ ಒಂದಾದರೂ ಹೊಂದುತ್ತದೆ, ಹೊಂದದಿದ್ದರೆ ಎರಡನ್ನು ಬೆರೆಸಿಕೊಂಡರಾಯಿತು ಎಂಬುದು ಇದರ ಹಿಂದಿನ ಲೆಕ್ಕ. ಗೋಧಿ ಬಣ್ಣದಿಂದ ಎಣ್ಣೆಗಪ್ಪಿನವರೆಗಿನ ನಮ್ಮ ಮೈಬಣ್ಣಗಳ ಮಟ್ಟಿಗೆ ಈ ಲೆಕ್ಕ ತಪ್ಪು.

ಸಾಮಾನ್ಯವಾದ ಒಂದು ಪ್ಯಾಲೆಟ್ ತೆರೆದು ನೋಡಿ. ತಿಳಿ ಗುಲಾಬಿ, ಪೀಚ್, ಕೋರಲ್, ಮಿನುಗುವ ಗುಲಾಬಿ, ಮಾವ್, ಮೂಲೆಯಲ್ಲೊಂದು ತುಸು ಗಾಢವಾದ ಬೆರ್ರಿ. ಡಬ್ಬಿಯಲ್ಲಿ ಆರೂ ಬೇರೆ ಬೇರೆಯಾಗಿ ಕಾಣುತ್ತವೆ. ಕಂದು ಕೆನ್ನೆಗೆ ಹಚ್ಚಿದ ಮೇಲೆ ಮೊದಲ ನಾಲ್ಕರಲ್ಲಿ ಯಾವುದು ಯಾವುದೆಂದು ಹೇಳುವುದೇ ಕಷ್ಟ. ಹಗುರವಾಗಿ ಹಚ್ಚಿದರೆ ಹಚ್ಚಿದ್ದೇ ಗೊತ್ತಾಗುವುದಿಲ್ಲ. ಗೊತ್ತಾಗುವಷ್ಟು ಹಚ್ಚಿದರೆ ಮುಖಕ್ಕೆ ಬೂದು ಛಾಯೆ ಬರುತ್ತದೆ.

ದೋಷ ಚರ್ಮದ್ದಲ್ಲ, ಪುಡಿಯದು. ಪೌಡರ್ ಬ್ಲಶ್‌ನಲ್ಲಿ ಬಹುಪಾಲು ಟಾಲ್ಕ್, ಮೈಕಾದಂಥ ಪುಡಿಗಳೇ ಇರುತ್ತವೆ. ಕೆಂಪು, ಕಂದು ಬರುವುದು ಐರನ್ ಆಕ್ಸೈಡ್ ಮತ್ತಿತರ ವರ್ಣದ್ರವ್ಯಗಳಿಂದ. ಬಣ್ಣವನ್ನು ತಿಳಿಯಾಗಿಸಲು ಸಾಮಾನ್ಯವಾಗಿ ಟೈಟೇನಿಯಂ ಡೈಆಕ್ಸೈಡ್ ಎಂಬ ದಟ್ಟ ಬಿಳಿಯನ್ನು ಸೇರಿಸುತ್ತಾರೆ. ಬೆಳ್ಳಗಿನ ಚರ್ಮದಲ್ಲಿ ಆ ಬಿಳಿ ಕಲೆತುಹೋಗುತ್ತದೆ. ಕಂದು ಚರ್ಮದ ಮೇಲೆ ಮೊದಲು ಕಣ್ಣಿಗೆ ಬೀಳುವುದೇ ಅದು.

ಬೆರೆಸಿಕೊಳ್ಳಿ ಎನ್ನುವ ಮಾತು ಸೋಲುವುದೂ ಇಲ್ಲಿಯೇ. ಯಕ್ಷಗಾನದ ಚೌಕಿಯಲ್ಲಿ ವೇಷಧಾರಿಗಳು ಬಿಳಿ, ಹಳದಿ, ಕೆಂಪು ಪುಡಿಗಳನ್ನು ಎಣ್ಣೆಯಲ್ಲಿ ಕಲಸಿ ಮುಖದ ಬಣ್ಣ ಮಾಡಿಕೊಳ್ಳುತ್ತಾರೆ. ಬಿಳಿ ಎಷ್ಟಿರಬೇಕು, ಕೆಂಪು ಎಷ್ಟಿರಬೇಕು ಎಂಬುದು ಅವರ ಕೈಯಲ್ಲಿದೆ. ಪ್ಯಾಲೆಟ್ಟಿನಲ್ಲಿ ಬಿಳಿ ಮೊದಲೇ ಸೇರಿ ಅಚ್ಚಾಗಿ ಕೂತಿರುತ್ತದೆ. ಎರಡು ತಿಳಿ ಶೇಡ್ ಬೆರೆಸಿದರೆ ಇನ್ನೊಂದು ತಿಳಿ ಶೇಡ್ ಸಿಕ್ಕೀತೇ ಹೊರತು ಗಾಢ ಬಣ್ಣ ಹುಟ್ಟುವುದಿಲ್ಲ. ಒಂದೇ ಒಂದು ಗಾಢ ಶೇಡ್ ಇದ್ದರೆ ಮಾತೇ ಬೇರೆ. ಬ್ರಷ್ಷಿನ ತುದಿ ಸೋಕಿಸಿ, ಹೆಚ್ಚಾದ ಪುಡಿಯನ್ನು ಟಿಶ್ಯೂ ಮೇಲೆ ಕೊಡವಿ, ಕೆನ್ನೆಯೆಲುಬಿನ ಮೇಲಿಂದ ಕಿವಿಯ ಕಡೆಗೆ ತೇಲಿಸಿದರೆ ಆಫೀಸಿಗೆ ಸಾಕು. ಅದರ ಮೇಲೆ ಇನ್ನೊಂದು ಕೈ ಹಚ್ಚಿದರೆ ಆರತಕ್ಷತೆಗೂ ಆಯಿತು.

ಕಪ್ಪಗಿರುವವರು ತಿಳಿ ಬಣ್ಣವನ್ನೇ ಹಚ್ಚಬೇಕು, ಗಾಢವಾದದ್ದು ಎದ್ದು ಕಾಣುತ್ತದೆ ಎಂಬ ಇನ್ನೊಂದು ಮಾತಿದೆ. ಇದನ್ನು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಬ್ಲಶ್ ಅನುಕರಿಸುವುದು ಚರ್ಮದಡಿಗೆ ರಕ್ತ ನುಗ್ಗಿದಾಗಿನ ಬಣ್ಣವನ್ನು. ಕಪ್ಪು ಚರ್ಮದ ಹುಡುಗಿ ಬಿಸಿಲಲ್ಲಿ ಓಡಿ ಬಂದಾಗ ಅವಳ ಕೆನ್ನೆಗೆ ತಿಳಿ ಗುಲಾಬಿ ಬರುವುದಿಲ್ಲ. ಇಟ್ಟಿಗೆಗೆಂಪು, ಕಡುಗೆಂಪು, ನೇರಳೆ ಬೆರೆತ ಕಂದು ಬರುತ್ತದೆ. ಅವಳಿಗೆ ಸಹಜವಾದ ಬಣ್ಣ ಅದೇ. ತಿಳಿ ಬಣ್ಣದ ಸಲಹೆಯಲ್ಲಿ ಅಡಗಿರುವುದು ಬಿಳುಪಿನ ಆಸೆ. 1975ರಲ್ಲಿ ಬಂದ ‘ಫೇರ್ ಅಂಡ್ ಲವ್ಲಿ’ 2020ರಲ್ಲಿ ‘ಗ್ಲೋ ಅಂಡ್ ಲವ್ಲಿ’ ಆಯಿತು. ಹೆಸರು ಬದಲಾದಷ್ಟು ಬೇಗ ಆಸೆ ಬದಲಾಗಿಲ್ಲ. 2017ರಲ್ಲಿ ಫೆಂಟಿ ಬ್ಯೂಟಿ 40 ಶೇಡಿನ ಫೌಂಡೇಶನ್ ತಂದಾಗ ಅದು ದೊಡ್ಡ ಸುದ್ದಿಯಾಯಿತು ಎಂದರೆ, ಅಲ್ಲಿಯವರೆಗೆ ಎಷ್ಟು ಮೈಬಣ್ಣಗಳು ಲೆಕ್ಕಕ್ಕೇ ಇರಲಿಲ್ಲ ಎಂದು ಯೋಚಿಸಿ.

ಇನ್ನು ಉಳಿತಾಯದ ಮಾತು. ಆರರಲ್ಲಿ ಎರಡನ್ನೇ ಬಳಸುವವರಿಗೆ, ಆರೂ ಬಣ್ಣಗಳ ತೂಕ ಒಂದೇ ಆಗಿದ್ದರೆ, ಬಳಸಿದ ಪ್ರತಿ ಗ್ರಾಂ ಮೂರು ಪಟ್ಟು ದುಬಾರಿ. ಉಳಿದ ನಾಲ್ಕು ಡ್ರಾಯರಿನಲ್ಲಿ ಹಳತಾಗುತ್ತವೆ. ಬೇಕಾದ ಶೇಡ್ ಖಾಲಿಯಾದಾಗ ಅದೊಂದನ್ನೇ ಕೊಳ್ಳಲು ಬಹಳಷ್ಟು ಪ್ಯಾಲೆಟ್‌ಗಳಲ್ಲಿ ದಾರಿಯಿಲ್ಲ. ಡಬ್ಬಿಯ ಹಿಂದಿನ ಸಣ್ಣಕ್ಷರವನ್ನೂ ಓದಿ. ಎಷ್ಟೋ ಪ್ಯಾಲೆಟ್‌ಗಳು ಎಲ್ಲ ಶೇಡಿನ ಬಣ್ಣಗಳನ್ನೂ ‘ಇರಬಹುದು’ ಎಂದು ಒಂದೇ ಪಟ್ಟಿಯಲ್ಲಿ ಸೇರಿಸಿರುತ್ತವೆ. ಸಿಐ 75470 ಎಂದಿದ್ದರೆ ಅದು ಕಾರ್ಮೈನ್, ಕೊಚಿನೀಲ್ ಎಂಬ ಕೀಟದಿಂದ ತೆಗೆದ ಕೆಂಪು. ಕಟ್ಟಾ ಸಸ್ಯಾಹಾರಿಗೆ ಅದು ಯಾವ ಶೇಡಿನಲ್ಲಿದೆ ಎಂದು ತಿಳಿಯುವ ಉಪಾಯವೇ ಇಲ್ಲ.

ಮದುವೆಗಳಿಗೆ ಮೇಕಪ್ ಮಾಡುವವರ ಪೆಟ್ಟಿಗೆಯಲ್ಲಿ ಪ್ಯಾಲೆಟ್ ಇರಲೇಬೇಕು. ಒಂದೇ ಬೆಳಿಗ್ಗೆ ವಧು, ಅವಳಮ್ಮ, ನಾದಿನಿ ಎಂದು ಹಲವು ಮೈಬಣ್ಣಗಳು ಅವರ ಮುಂದೆ ಕೂರುತ್ತವೆ. ನಮಗಿರುವುದು ಒಂದೇ ಮುಖ.

ಆದ್ದರಿಂದ ಬಿಡಿ ಶೇಡ್ ಕೇಳಿ, ಡಬ್ಬಿಯಲ್ಲಿ ಹೆದರಿಸುವಷ್ಟು ಗಾಢವಾಗಿರುವುದನ್ನೇ ಮೊದಲು ಕೇಳಿ. ಮುಂಗೈ ಒಳಭಾಗ ಕೆನ್ನೆಗಿಂತ ಬೆಳ್ಳಗಿರುತ್ತದೆ, ಅಲ್ಲಿ ಹಚ್ಚಿ ತೀರ್ಮಾನಿಸಬೇಡಿ. ಸ್ವಚ್ಛವಾದ ಹತ್ತಿಯಲ್ಲಿ ತೆಗೆದು ಕೆನ್ನೆಗೇ ಹಚ್ಚಿ, ಅಂಗಡಿಯ ಹೊರಗೆ ಹಗಲು ಬೆಳಕಿನಲ್ಲಿ ನೋಡಿಕೊಂಡು, ಆಮೇಲೆ ದುಡ್ಡು ಕೊಡಿ.