ಮೇ ದಿನದ ಪದ್ಯಗಳಲ್ಲಿ ಇಲ್ಲದ ಕೈ

ಮೇ ಒಂದು ಬಂತೆಂದರೆ ಕವಿಗೋಷ್ಠಿಗಳಲ್ಲಿ ಸುತ್ತಿಗೆ, ಕುಲುಮೆ, ಕೆಂಬಾವುಟ ತುಂಬಿಕೊಳ್ಳುತ್ತವೆ. ತಪ್ಪೇನಿಲ್ಲ. 1886ರಲ್ಲಿ ಚಿಕಾಗೋದ ಕಾರ್ಮಿಕರು ಎಂಟು ಗಂಟೆಯ ದುಡಿಮೆಗಾಗಿ ರಕ್ತ ಸುರಿಸಿದರು. 1923ರಲ್ಲಿ ಸಿಂಗಾರವೇಲು ಮದರಾಸಿನಲ್ಲಿ ಭಾರತದ ಮೊದಲ ಮೇ ದಿನ ಆಚರಿಸಿದರು. ಆ ಋಣ ನಮ್ಮ ಮೇಲೂ ಇದೆ.

ಆದರೆ ಈ ಬಹುಪಾಲು ಪದ್ಯಗಳ ಕಾರ್ಮಿಕನಿಗೆ ಜಾತಿಯೇ ಇಲ್ಲವಲ್ಲ, ಯಾಕೆ? ಮುಂಬಯಿಯ ಬಟ್ಟೆ ಗಿರಣಿಗಳನ್ನೇ ನೋಡಿ. ಲಾಳಿಗೆ ಹೊಸ ನೂಲು ಹಾಕುವಾಗ ಎಳೆಯನ್ನು ಬಾಯಿಂದ ಹೀರಿ ಎಳೆಯಬೇಕಿತ್ತು. ಅಸ್ಪೃಶ್ಯನ ಎಂಜಲು ತಾಗಿದ ಲಾಳಿಯನ್ನು ಸವರ್ಣ ಕಾರ್ಮಿಕ ಮುಟ್ಟಲೊಲ್ಲ. ಹೆಚ್ಚು ಕೂಲಿಯ ನೇಯ್ಗೆ ವಿಭಾಗ ನಮ್ಮವರಿಗೆ ಮುಚ್ಚಿತು. ಆ ಬಾಗಿಲಿಗೆ ಮಾಲೀಕನ ಜೊತೆ ಸಂಗಾತಿ ಕಾರ್ಮಿಕನೂ ಅಗುಳಿ ಹಾಕಿದ್ದ. 1928ರ ಮುಷ್ಕರದ ಹೊತ್ತಿನಲ್ಲಿ ಅಂಬೇಡ್ಕರ್ ಇದನ್ನೆತ್ತಿದರು. 1938ರಲ್ಲಿ ಮನಮಾಡದ ದಲಿತ ರೈಲ್ವೆ ಕಾರ್ಮಿಕರಿಗೆ ಬ್ರಾಹ್ಮಣಶಾಹಿ, ಬಂಡವಾಳಶಾಹಿ ಎರಡೂ ಶತ್ರುಗಳೆಂದರು. ನಮ್ಮ ಪದ್ಯಗಳು ಎರಡನೆಯದನ್ನಷ್ಟೇ ಕೇಳಿಸಿಕೊಂಡಿವೆ.

2010ರಲ್ಲಿ ಸವಣೂರಿನ ಭಂಗಿ ಕುಟುಂಬದವರು ಇರುವ ಜಾಗದಿಂದ ಎಬ್ಬಿಸಹೊರಟಾಗ ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದರು. ಮಲ ಹೊರಿಸುವುದನ್ನು 1993ರ, 2013ರ ಕಾಯ್ದೆಗಳು ನಿಷೇಧಿಸಿದರೂ ಗುಂಡಿಗಿಳಿದವರು ಸಾಯುತ್ತಲೇ ಇದ್ದಾರೆ. ಈ ದುಡಿಮೆಯನ್ನು ಗಂಟೆಯಲ್ಲಿ ಅಳೆದರೆ ಮುಗಿಯಿತೇ? ಹುಟ್ಟಿನ ಜೊತೆ ತಲೆಗೇರಿಸಿದ ಕೆಲಸಕ್ಕೆ ಯಾವ ಮೇ ಒಂದರಂದು ರಜೆ?

ಕೆಂಬಾವುಟ ಬೇಡ ಅಂತ ನಾವು ಹೇಳ್ತಿಲ್ಲ. ಅದನ್ನು ಎತ್ತಿದ ಕೈಗಳ ನಡುವೆ ಪೊರಕೆ ಹಿಡಿದ ಕೈಯೂ ಕಾಣಬೇಕು ಅಂತೀವಿ. ಆ ಕೈ ಮುಟ್ಟಲಾರದ ಪದ್ಯವನ್ನು ಕಾರ್ಮಿಕರ ಪದ್ಯ ಅಂತ ಒಪ್ಪೋದು ಹೇಗೆ?