ಸೂಳೆಕೆರೆಯ ರಹಸ್ಯ ಏರಿಯಲ್ಲಿದೆ

ಡೆತ್ ವ್ಯಾಲಿಯ ಸರಿದಾಡುವ ಕಲ್ಲುಗಳ ಬಗ್ಗೆ ಮೊದಲು ಒಂದು ಮಾತು. ಕ್ಯಾಲಿಫೋರ್ನಿಯಾದ ರೇಸ್‌ಟ್ರ್ಯಾಕ್ ಪ್ಲಾಯಾ ಎಂಬ ಒಣಗಿದ ಕೆರೆಯಂಗಳದಲ್ಲಿ ಬಂಡೆಗಳು ತಮ್ಮ ಹಿಂದೆ ಉದ್ದನೆಯ ಗೆರೆ ಎಳೆದುಕೊಂಡು ಜಾಗ ಬದಲಿಸುತ್ತವೆ. ಗೆರೆಗಳನ್ನು ಎಲ್ಲರೂ ಕಂಡಿದ್ದರು, ಕಲ್ಲು ಸರಿಯುವುದನ್ನು ಮಾತ್ರ ದಶಕಗಟ್ಟಲೆ ಯಾರೂ ಕಂಡಿರಲಿಲ್ಲ. 2013ರ ಡಿಸೆಂಬರ್‌ನಲ್ಲಿ ಸಂಶೋಧಕರು ಅದನ್ನು ಕಣ್ಣಾರೆ ಕಂಡು, 2014ರಲ್ಲಿ ಕಾರಣ ಪ್ರಕಟಿಸಿದರು. ಮಳೆಯಿಂದ ಅಂಗಳದಲ್ಲಿ ತೆಳುವಾಗಿ ನೀರು ನಿಲ್ಲಬೇಕು, ರಾತ್ರಿಯ ಚಳಿಗೆ ಅದು ಹೆಪ್ಪುಗಟ್ಟಬೇಕು, ಬೆಳಗಿನ ಬಿಸಿಲಿಗೆ ಮಂಜುಗಡ್ಡೆ ಅಗಲವಾದ ತೆಳು ಹಾಳೆಗಳಾಗಿ ಒಡೆಯಬೇಕು, ಆಗ ಹಗುರವಾದ ಗಾಳಿ ಬೀಸಿ ಆ ಹಾಳೆಗಳನ್ನು ತಳ್ಳಬೇಕು. ಹಾಳೆಗಳು ಕಲ್ಲುಗಳನ್ನು ಕೆಸರಿನ ಮೇಲೆ ನೂಕುತ್ತವೆ, ಅಷ್ಟೇ. ಇಷ್ಟು ತಿಳಿದ ಮೇಲೆ ಆ ಜಾಗದ ಸ್ವಾರಸ್ಯ ಹೋಯಿತೆಂದು ಮರುಗುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಮಳೆ, ಚಳಿ, ಬಿಸಿಲು, ಗಾಳಿ ನಾಲ್ಕೂ ಇದೇ ಕ್ರಮದಲ್ಲಿ ಮರುಭೂಮಿಯಲ್ಲಿ ಕೂಡಿಬರುವುದು ಎಷ್ಟು ಅಪರೂಪವೆಂದು ತಿಳಿದವನು, ಆ ಗೆರೆಗಳ ಮುಂದೆ ಏನೂ ತಿಳಿಯದವನಿಗಿಂತ ಹೆಚ್ಚು ಹೊತ್ತು ನಿಲ್ಲುತ್ತಾನೆ.

ಈ ಮಾತು ಹಿಡಿದು ಹೊರಟರೆ ಕ್ಯಾಲಿಫೋರ್ನಿಯಾಕ್ಕಿಂತ ಹತ್ತಿರದ ಜಾಗವೊಂದು ಎದುರಾಗುತ್ತದೆ. ಅದಕ್ಕೆ ಮುಂಚೆ ಹಳೆಯ ಲೆಕ್ಕವೊಂದನ್ನು ಚುಕ್ತಾ ಮಾಡಬೇಕು. 1968ರಲ್ಲಿ ಎರಿಕ್ ಫಾನ್ ಡೇನಿಕನ್ ಎಂಬ ಸ್ವಿಸ್ ಲೇಖಕ ಬರೆದ ಪುಸ್ತಕ ಒಂದು ಪಂಥವನ್ನೇ ಹುಟ್ಟುಹಾಕಿತು. ಪುರಾತನರ ದೊಡ್ಡ ಕೆಲಸ ಕಂಡಲ್ಲೆಲ್ಲ ‘ಆ ಕಾಲದ ಜನರಿಗೆ ಇದು ಸಾಧ್ಯವಿತ್ತೇ?’ ಎಂದು ಕೇಳಿ, ಉತ್ತರಕ್ಕೆ ಆಕಾಶದತ್ತ ಬೆರಳು ತೋರಿಸುವ ಪಂಥ ಅದು. ಇಂದು ಮೊಬೈಲಿನಲ್ಲಿ ಹರಿದಾಡುವ ‘ನಿಗೂಢ ತಾಣ’ಗಳ ವೀಡಿಯೊಗಳೆಲ್ಲ ಅದರ ಮೊಮ್ಮಕ್ಕಳು. ಈ ಪ್ರಶ್ನೆ ಮುಗ್ಧವಲ್ಲ. ಜಿಂಬಾಬ್ವೆಯ ಮಹಾ ಕಲ್ಲುಕೋಟೆಯ ವಿಷಯದಲ್ಲಿ ಬಿಳಿಯ ವಸಾಹತುಗಾರರು ಇದನ್ನೇ ಕೇಳಿದರು. ಆಫ್ರಿಕನ್ನರಿಗೆ ಇಂಥದ್ದು ಕಟ್ಟಲು ಬಾರದು ಎಂದು ಮೊದಲೇ ತೀರ್ಮಾನಿಸಿ, ಫಿನೀಷಿಯನ್ನರು ಕಟ್ಟಿದ್ದೆಂದೂ ಶೀಬಾ ರಾಣಿಯ ನಗರವೆಂದೂ ಕಥೆ ಹೆಣೆದರು. 1905ರಲ್ಲಿ ಡೇವಿಡ್ ರ‍್ಯಾಂಡಲ್ ಮ್ಯಾಕೈವರ್, 1929ರಲ್ಲಿ ಗರ್ಟ್ರೂಡ್ ಕೇಟನ್ ಥಾಮ್ಸನ್ ಅಗೆದು ನೋಡಿ ಅದು ಆಫ್ರಿಕನ್ನರದೇ ಕಟ್ಟಡವೆಂದು ತೋರಿಸಿದರು. ಆಮೇಲೂ ರೊಡೇಷಿಯಾ ಸರ್ಕಾರಕ್ಕೆ ಆ ಸತ್ಯ ಹಿಡಿಸಲಿಲ್ಲ. ಒಂದು ಜಾಗವನ್ನು ನಿಗೂಢವೆಂದು ಕರೆದಾಗ, ಅದನ್ನು ಕಟ್ಟಿದವರ ಹೆಸರು ಅಳಿಸಿಹೋಗುತ್ತಿದೆಯೇ ಎಂದು ನೋಡಬೇಕು. ನನ್ನ ತಕರಾರೆಲ್ಲ ಇಷ್ಟೇ.

ನಮ್ಮ ಚನ್ನಗಿರಿ ಸೀಮೆಯಲ್ಲಿ ಹೀಗೆ ಹೆಸರು ಅಳಿಸಿಕೊಂಡ ದೊಡ್ಡ ಕೆಲಸವೆಂದರೆ ಸೂಳೆಕೆರೆ, ಅಂದರೆ ಶಾಂತಿಸಾಗರ. ಈ ಸೀಮೆಯವರಿಗೆ ಅದರ ಕಥೆ ಹೇಳಬೇಕಾಗಿಲ್ಲ. ಕೆರೆ ಕಟ್ಟಿಸಿದ ರಾಜಕುಮಾರಿ ಶಾಂತವ್ವ, ಕೆರೆಗೆ ತಮ್ಮ ಹೆಸರೇ ಇರಬೇಕೆಂದು ಜಾಗ ಬಿಟ್ಟುಕೊಟ್ಟ ವೇಶ್ಯೆಯರು ಒಡ್ಡಿದ ಷರತ್ತು, ನೀರಿನಡಿಗೆ ಹೋದ ಪಟ್ಟಣ ಎಲ್ಲ ಬಾಯಿಪಾಠ. ಬಾಯಿಪಾಠವಾಗಬೇಕಾಗಿದ್ದ ಇನ್ನೊಂದು ಸಂಗತಿ ಮಾತ್ರ ಆಗಿಲ್ಲ. ಕೆರೆ ತುಂಬಿದಾಗ ನೀರು ಹರಡುವುದು ಸುಮಾರು 6,550 ಎಕರೆ. ಅದಕ್ಕೆ ನೀರು ಹರಿದು ಬರುವ ನೆಲ ಸುಮಾರು 330 ಚದರ ಕಿಲೋಮೀಟರ್. ಲೂಯಿ ರೈಸ್ ತನ್ನ ಮೈಸೂರು ಗೆಜೆಟಿಯರಿನಲ್ಲಿ ಕೊಟ್ಟ ಸುತ್ತಳತೆ 40 ಮೈಲಿ. ಇಷ್ಟೆಲ್ಲ ನೀರನ್ನು ತಡೆದಿರುವ ಏರಿಯ ಉದ್ದ ಸುಮಾರು 950 ಅಡಿ. ನಲವತ್ತು ಮೈಲಿ ದಡದಲ್ಲಿ ಮನುಷ್ಯ ಕಟ್ಟಿದ್ದು ಕಾಲು ಮೈಲಿಗೂ ಕಡಿಮೆ, ಉಳಿದದ್ದು ಗುಡ್ಡಗಳದು. ಹರಿದ್ರಾ ಹೊಳೆ ಹರಿಹರದ ಕಡೆ ಇಳಿದು ತುಂಗಭದ್ರೆ ಸೇರುವ ದಾರಿಯಲ್ಲಿ ಎರಡು ಗುಡ್ಡಗಳ ನಡುವೆ ಇಕ್ಕಟ್ಟಾಗುತ್ತದೆ. ಆ ಇಕ್ಕಟ್ಟನ್ನೇ ಹಿಡಿದು ಮುಚ್ಚಿದರು. ಅದನ್ನು ಮುಚ್ಚಿದರೆ ನೀರು ಎಲ್ಲೆಲ್ಲಿಗೆ ಏರುತ್ತದೆ, ಬೇರೆ ಕಣಿವೆಯಿಂದ ತಪ್ಪಿಸಿಕೊಂಡು ಹೋಗುವುದಿಲ್ಲವೇ ಎಂಬುದನ್ನು ಮೊದಲೇ ಅಳೆದವರು ಯಾರೋ ಇರಲೇಬೇಕು. ಹನ್ನೆರಡನೆಯ ಶತಮಾನದ್ದೆಂದು ಹೇಳುವ ಈ ಕೆರೆಗೆ ಸಂಬಂಧಿಸಿ ನಾನು ರಹಸ್ಯವೆಂದು ಕರೆಯಲು ಒಪ್ಪುವುದು ಆ ಅಳತೆಗಾರನನ್ನು ಮಾತ್ರ. ‘ಏಷ್ಯಾದಲ್ಲೇ ಎರಡನೆಯದು’ ಎಂಬ ಹೆಮ್ಮೆ ನಮ್ಮವರಿಗೆ ಬಹಳ ಪ್ರಿಯ. ರೈಸ್ ಹೇಳಿದ್ದು ದಕ್ಷಿಣ ಭಾರತದ ಮಟ್ಟಿಗೆ, ಆಂಧ್ರದ ಕಂಬಂ ಕೆರೆಯ ನಂತರ ಎಂದು. ಕಂಬಂ ಕೂಡ ಹೊಳೆಯೊಂದು ಗುಡ್ಡಗಳ ನಡುವೆ ನುಸುಳುವಲ್ಲಿ ಕಟ್ಟಿದ ಗಿಡ್ಡ ಏರಿಯ ಕೆರೆ, ಅದನ್ನು ಕಟ್ಟಿಸಿದ್ದೂ ಒಬ್ಬ ರಾಜಕುಮಾರಿ ಎಂಬ ಐತಿಹ್ಯವಿದೆ. ಸ್ಥಾನ ಎಷ್ಟನೆಯದು ಎನ್ನುವುದಕ್ಕಿಂತ ಈ ಹೋಲಿಕೆ ನನ್ನ ಕುತೂಹಲ ಕೆರಳಿಸುತ್ತದೆ.

ಇಲ್ಲಿ ನನ್ನ ಮೆಚ್ಚಿನ ಶಾಸನವೊಂದನ್ನು ವಿವರವಾಗಿ ಹೇಳದೆ ಮುಂದೆ ಹೋಗಲಾರೆ. ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ 1369ರ ಕಲ್ಬರಹವಿದೆ. ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ ಅಲ್ಲಿ ಕೆರೆ ಕಟ್ಟಿಸಿ, ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಸಾಧನಗಳನ್ನೂ ಕೆರೆ ಕೆಡಿಸುವ ಆರು ದೋಷಗಳನ್ನೂ ಕೆತ್ತಿಸಿದ. ಧರ್ಮವಂತನೂ ಧನವಂತನೂ ಆದ ದೊರೆ ಬೇಕು, ನೀರಿನ ಶಾಸ್ತ್ರ ಬಲ್ಲವನು ಬೇಕು. ನೆಲ ಗಟ್ಟಿಯಿರಬೇಕು. ದೂರದಿಂದ ಬರುವ ಸಿಹಿನೀರಿನ ಹೊಳೆಯಿರಬೇಕು, ಅದಕ್ಕೆ ತಾಗಿದಂತೆ ಗುಡ್ಡವಿರಬೇಕು. ಆ ಗುಡ್ಡಗಳ ನಡುವೆ ಕಲ್ಲಿನ ಏರಿ ಬೇಕು, ಅದು ಬಹಳ ಉದ್ದವಿರಬಾರದು, ಭದ್ರವಾಗಿರಬೇಕು. ಕೆರೆಯ ಒಡಲು ಅಗಲವೂ ಆಳವೂ ಆಗಿರಬೇಕು. ಉದ್ದನೆಯ ನೇರ ಕಲ್ಲು ಸಿಗುವ ಗಣಿ ಹತ್ತಿರವಿರಬೇಕು. ಇನ್ನು ದೋಷಗಳು: ಏರಿಯಿಂದ ನೀರು ಜಿನುಗುವುದು, ಚೌಳು ಮಣ್ಣು, ಎರಡು ರಾಜ್ಯಗಳ ಗಡಿಯಲ್ಲಿರುವುದು, ಕೆರೆಯ ನಡುವೆ ದಿಬ್ಬವಿರುವುದು, ನೀರು ಕಡಿಮೆಯಿದ್ದು ಅಚ್ಚುಕಟ್ಟು ಹೆಚ್ಚಿರುವುದು, ನೀರು ಹೆಚ್ಚಿದ್ದು ನೆಲ ಕಡಿಮೆಯಿರುವುದು. ಎರಡು ರಾಜ್ಯಗಳ ಗಡಿಯ ಮಾತನ್ನು ಇವತ್ತಿನ ನೀರಿನ ವ್ಯಾಜ್ಯ ಬಲ್ಲವರು ಇನ್ನೊಮ್ಮೆ ಓದಿಕೊಳ್ಳಲಿ. ದಿನಕ್ಕೆ ಸಾವಿರ ಕೂಲಿಯಾಳು, ಕಲ್ಲು ಹೊರಲು ನೂರು ಬಂಡಿ, ಎರಡು ವರ್ಷದ ಕೆಲಸ ಎಂಬ ಲೆಕ್ಕವೂ ಆ ಕಲ್ಲಿನಲ್ಲಿದೆ.

ಅದು ಎರಡು ಶತಮಾನ ಆಮೇಲಿನದು, ಬೇರೆ ಸೀಮೆಯದು, ಅದರಿಂದ ಸೂಳೆಕೆರೆ ಕಟ್ಟಿದವರ ಬುದ್ಧಿ ಹೇಗೆ ತಿಳಿಯುತ್ತದೆ ಎಂದು ಕೇಳಬಹುದು. ನ್ಯಾಯವಾದ ಆಕ್ಷೇಪ. ಆದರೆ ಲಕ್ಷಣ ಹೇಳುವ ಶಾಸ್ತ್ರ ಕೆಲಸಕ್ಕಿಂತ ಮೊದಲು ಹುಟ್ಟುವುದಿಲ್ಲ. ಉಳಿದ ಕೆರೆಗಳನ್ನೂ ಒಡೆದ ಕೆರೆಗಳನ್ನೂ ತಲೆಮಾರುಗಟ್ಟಲೆ ನೋಡಿದ ಮೇಲೆ ತಾನೇ ‘ಏರಿ ಬಹಳ ಉದ್ದ ಬೇಡ’ ಎಂಬ ಮಾತು ಕಲ್ಲಿಗೆ ಏರುವುದು? ಶಾಸನ ಬಯಸುವ ಹೊಳೆ, ಗುಡ್ಡ, ಗಿಡ್ಡ ಏರಿ, ಅಗಲ ಒಡಲು ಎಲ್ಲವೂ ಸೂಳೆಕೆರೆಯಲ್ಲಿ ಒಟ್ಟಿಗಿವೆ. ಕಾಕತಾಳೀಯವೆನ್ನಲು ಇಷ್ಟೊಂದು ಹೊಂದಿಕೆ ಬಿಡುವುದಿಲ್ಲ. ಏರಿ ತೀರ ನೇರವಾಗಿಲ್ಲ ಎಂಬುದನ್ನೂ ರೈಸ್ ಗಮನಿಸಿದ್ದಾನೆ. ಅದು ಕೈತಪ್ಪೋ, ಅಡಿಯ ಬಂಡೆಯನ್ನು ಹಿಡಿದು ಹೋದದ್ದೋ? ಗುಪ್ತ ಸುರಂಗ ಹುಡುಕುವವರು ಕೇಳಬೇಕಾದ ಪ್ರಶ್ನೆ ಇದು.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ಜನ ಬರುವುದು ಶಾಂತವ್ವನ ಕಥೆಗಾಗಿ, ಅಚ್ಚುಕಟ್ಟಿನ ಲೆಕ್ಕಕ್ಕಾಗಿ ಅಲ್ಲ, ಕಥೆ ಕಿತ್ತರೆ ಕೆರೆ ಬಡವಾಗುತ್ತದೆ ಎಂಬುದು. ಕಥೆ ಕೀಳಬೇಕೆಂದು ನಾನು ಹೇಳುವುದಿಲ್ಲ, ಅದನ್ನೂ ದಾಖಲೆಯಂತೆ ಓದಬೇಕೆನ್ನುತ್ತೇನೆ. ಏನಿದೆ ಅದರಲ್ಲಿ? ನೀರಿನಡಿಗೆ ಹೋದ ನೆಲಕ್ಕೆ ಒಡೆಯರಿದ್ದರು. ಆ ಒಡೆಯರು ಹೆಂಗಸರು, ಅದೂ ಊರು ಗೌರವ ಕೊಡದ ಹೆಂಗಸರು. ಅವರು ಪುಕ್ಕಟೆ ಬಿಟ್ಟುಕೊಡಲಿಲ್ಲ, ರಾಜಕುಮಾರಿಯೂ ಷರತ್ತಿಗೆ ಒಪ್ಪಬೇಕಾಯಿತು. ಇಪ್ಪತ್ತನೆಯ ಶತಮಾನದ ಅಣೆಕಟ್ಟುಗಳಲ್ಲಿ ಮುಳುಗಿದ ಎಷ್ಟು ಊರುಗಳಿಗೆ ಇಷ್ಟಾದರೂ ನೆನಪಿನ ಪರಿಹಾರ ಸಿಕ್ಕಿದೆ? ಇದು ನಡೆದದ್ದೋ ಇಲ್ಲವೋ ಎಂಬುದು ಬೇರೆ ಮಾತು. ಕೆರೆ ಕಟ್ಟುವುದೆಂದರೆ ಯಾರದೋ ನೆಲ ಮುಳುಗಿಸುವುದೆಂಬುದನ್ನು ಕಥೆ ಕಟ್ಟಿದ ಜನ ಮರೆತಿರಲಿಲ್ಲ. ದೆವ್ವ, ಶಾಪ, ನಿಧಿ ಸೇರಿಸಿ ಹೇಳುವವರು ಕಥೆಯ ಈ ಗಟ್ಟಿ ತಿರುಳನ್ನೇ ಕಳೆದುಬಿಡುತ್ತಾರೆ.

ಸಂತೆಬೆನ್ನೂರಿನ ಪುಷ್ಕರಣಿಗೂ ಇದೇ ಮಾತು ಸಲ್ಲುತ್ತದೆ. ಹನುಮಪ್ಪ ನಾಯಕನ ಕೊಳ, ದಂಡೆಯ ಮೇಲೆ ಬಿಜಾಪುರದ ರಣದುಲ್ಲಾ ಖಾನನ ಮುಸಾಫಿರ್‌ಖಾನೆ. ಯಾರು ಯಾವಾಗ ಯಾರನ್ನು ಸೋಲಿಸಿದರು ಎಂಬುದು ಗೊತ್ತಿರುವ ಜಾಗವನ್ನು ನಿಗೂಢವೆನ್ನುವುದು ಸೋಮಾರಿತನ. ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯ ದಿಂಬುಗಲ್ಲುಗಳಿಗೆ ಕಥೆಯ ಹಂಗೇ ಬೇಕಿಲ್ಲ. ಲಾವಾ ನೀರಿನೊಳಗೆ ಉಕ್ಕಿ ತಟ್ಟನೆ ತಣಿದಾಗ ಮಾತ್ರ ಬರುವ ಆಕಾರ ಅದು. ಬರಪೀಡಿತ ಬಯಲಿನ ನಡುವೆ ಇನ್ನೂರು ಕೋಟಿಗೂ ಹೆಚ್ಚು ವರ್ಷ ಹಳೆಯ ಕಡಲಿನ ತಳ ಬಿದ್ದಿದೆ.

ಸೂಳೆಕೆರೆಗೆ ಹೋಗುವ ಪ್ರವಾಸಿ ಏರಿಯ ಮೇಲೆ ನಿಂತು ನೀರನ್ನಷ್ಟೇ ನೋಡಬಾರದು. ಬೆನ್ನು ತಿರುಗಿಸಿ ಎರಡು ಗುಡ್ಡಗಳ ಬುಡ ನೋಡಬೇಕು, ಸಿದ್ದನಾಲೆ ಎಲ್ಲಿ ಹೊರಡುತ್ತದೆ, ಬಸವನಾಲೆ ಎಲ್ಲಿ ಹೊರಡುತ್ತದೆ ಎಂದು ಹುಡುಕಬೇಕು, ಹೂಳು ಎಷ್ಟು ತುಂಬಿದೆ, ಅಂಗಳ ಎಷ್ಟು ಒತ್ತುವರಿಯಾಗಿದೆ ಎಂದು ಅಲ್ಲಿನ ರೈತರನ್ನು ಕೇಳಬೇಕು. ಚಿತ್ರದುರ್ಗದ ನಲ್ಲಿಗಳವರೆಗೆ ಕುಡಿಯುವ ನೀರು ಹೋಗುವುದು ಇದೇ ಒಡಲಿನಿಂದ. ಅಲ್ಲಿ ಫಲಕವೊಂದನ್ನು ನಿಲ್ಲಿಸುವುದಾದರೆ ಅರ್ಧದಲ್ಲಿ ಶಾಂತವ್ವನ ಕಥೆ ಇರಲಿ. ಉಳಿದರ್ಧದಲ್ಲಿ ಏರಿಯ ಅಡ್ಡಕೊಯ್ತದ ಚಿತ್ರ ಬರೆಸಿ, ಪೋರುಮಾಮಿಳ್ಳದ ಹನ್ನೆರಡು ಸಾಧನ, ಆರು ದೋಷಗಳನ್ನು ಕನ್ನಡದಲ್ಲಿ ಬರೆಸಲಿ. ಈ ಕೆರೆ ಯಾವುದರಲ್ಲಿ ಗೆದ್ದಿದೆ, ಯಾವುದರಲ್ಲಿ ಸೋಲುತ್ತಿದೆ ಎಂದು ಬಂದವರು ತಾವೇ ಗುರುತು ಹಾಕಿಕೊಳ್ಳಲಿ.