ಲಕೋಟೆಯೊಳಗಿನ ಲ್ಯಾಪ್‌ಟಾಪ್

2008ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ವೇದಿಕೆಯಲ್ಲಿ ಸ್ಟೀವ್ ಜಾಬ್ಸ್ ಲಕೋಟೆಯೊಂದರಿಂದ ಮ್ಯಾಕ್‌ಬುಕ್ ಏರ್ ಹೊರತೆಗೆದಾಗ ಸಭೆಯ ಕಣ್ಣೆಲ್ಲ ಅದರ ಅಂಚಿನ ಮೇಲೆ. ಅತಿ ತೆಳುವಾದ ಕಡೆ ಬರೀ 4 ಮಿಲಿಮೀಟರ್! ನನಗೆ ಹಿಡಿಸಿದ್ದು ಒಳಗಿನ ಡಿಸ್ಕ್. 2001ರ ಮೊದಲ ಐಪಾಡ್ 5 ಗಿಗಾಬೈಟ್ ತುಂಬಿಕೊಂಡೂ ಜೇಬಿಗಿಳಿದದ್ದು 1.8 ಇಂಚಿನ ಪುಟ್ಟ ಹಾರ್ಡ್ ಡಿಸ್ಕ್‌ನ ದೆಸೆಯಿಂದ. ಅದೇ ಅಳತೆಯ ಡಿಸ್ಕ್ 80 ಗಿಗಾಬೈಟ್‌ಗೆ ಬೆಳೆದು ಈ ಲ್ಯಾಪ್‌ಟಾಪಿನೊಳಗೆ ಕೂತಿತ್ತು. ತಮ್ಮನಿಗೆ ಹೊಲಿಸಿದ ಅಂಗಿ ಅಣ್ಣನಿಗೂ ಒಪ್ಪಿತ್ತು. ನಿಧಾನ, ನಿಜ. ಸಿಡಿ ಡ್ರೈವ್ ಇಲ್ಲ, ಯುಎಸ್‌ಬಿ ಕಿಂಡಿ ಒಂದೇ. ಬೆಲೆ ಮಾತ್ರ 1,799 ಡಾಲರ್. ದುಬಾರಿ ಹಟವೇ ಸರಿ. ಆದರೆ ಅದಕ್ಕೆಂದೇ ಇಂಟೆಲ್‌ನವರಿಂದ ಪ್ರೊಸೆಸರ್‌ನ ಕವಚವನ್ನೂ ಕುಗ್ಗಿಸಿಕೊಂಡರಲ್ಲ, ಆ ಹಟಕ್ಕೆ ನಾನು ಮರುಳಾದೆ.